ಹಿಸ್ಟಿಡೀನ್ ಖಾಲಿಯಾದಾಗ ಯೀಸ್ಟ್ ಕೋಶದ ಒಳಗೆ ಏನಾಗುತ್ತೆ: ಜಿಸಿಎನ್4 ಪ್ರಕರಣ

ಯೀಸ್ಟ್ ಕೋಶಕ್ಕೆ ಹಿಸ್ಟಿಡೀನ್ ಅನ್ನೋ ಒಂದೇ ಒಂದು ಅಮೈನೋ ಆಸಿಡ್ ಸಾಲದ ಹಾಗೆ ಮಾಡಿ ನೋಡಿ, ಉಳಿದ ಹತ್ತೊಂಬತ್ತಕ್ಕೂ ಏನೂ ತೊಂದರೆ ಇಲ್ಲ ಅಂತ ಇಟ್ಕೊಳ್ಳಿ. ಹಿಸ್ಟಿಡೀನ್ ತಯಾರಿಸೋ ಜೀನ್‌ಗಳು ಜೋರಾಗ್ತವೆ, ಅದನ್ನ ಯಾರು ಬೇಕಾದ್ರೂ ಊಹಿಸಬಹುದು. ಆದ್ರೆ ಅದರ ಜೊತೆಗೇ ಆರ್ಜಿನೀನ್, ಲೈಸೀನ್, ಟ್ರಿಪ್ಟೋಫಾನ್, ಲ್ಯೂಸೀನ್ ತಯಾರಿಸೋ ಜೀನ್‌ಗಳೂ ಏರ್ತವೆ! ಅವುಗಳಲ್ಲಿ ಯಾವುದರ ಕೊರತೆನೂ ಇಲ್ಲ, ಆದ್ರೂ ಏರ್ತವೆ. ಬ್ಯಾಕ್ಟೀರಿಯಾದ ಟ್ರಿಪ್ಟೋಫಾನ್ ಆಪರಾನ್ (ಒಟ್ಟಿಗೇ ಆನ್-ಆಫ್ ಆಗೋ ಜೀನ್‌ಗಳ ಸಾಲು) ಓದಿ ಬಂದವರಿಗೆ ಇದು ವಿಚಿತ್ರ ಅನ್ಸುತ್ತೆ, ಯಾಕಂದ್ರೆ ಅಲ್ಲಿ ಟ್ರಿಪ್ಟೋಫಾನ್ ಕಮ್ಮಿಯಾದ್ರೆ ಟ್ರಿಪ್ಟೋಫಾನ್ ಜೀನ್‌ಗಳು ಮಾತ್ರ ಆನ್ ಆಗ್ತವೆ, ಲೆಕ್ಕ ಅಲ್ಲಿಗೇ ಮುಗಿಯುತ್ತೆ. ಯೀಸ್ಟ್ ಯಾಕೆ ಹೀಗೆ ಮಾಡುತ್ತೆ, ಹಿಸ್ಟಿಡೀನ್ ಇಲ್ಲ ಅನ್ನೋ ಸುದ್ದಿ ನ್ಯೂಕ್ಲಿಯಸ್ ತನಕ ಯಾವ ದಾರೀಲಿ ಹೋಗುತ್ತೆ, ಇದನ್ನೇ ಇಲ್ಲಿ ಶುರುವಿಂದ ಕೊನೆ ತನಕ ಒಂದೇ ಪ್ರಯೋಗ ಹಿಡ್ಕೊಂಡು ನೋಡೋಣ. ಆ ದಾರಿ ತುಂಬಾ ಸುತ್ತುಬಳಸಿನದು. ಜೀನ್ ಟ್ರಾನ್ಸ್‌ಕ್ರಿಪ್ಷನ್, ಅಂದ್ರೆ ಜೀನಿನಿಂದ ಎಂಆರ್‌ಎನ್‌ಎ ಅನ್ನೋ ನಕಲು ತೆಗೆಯೋ ಕೆಲಸ, ಬದಲಾಗ್ಬೇಕಾದ್ರೆ ಮೊದಲು ಪ್ರೋಟೀನ್ ತಯಾರಿಕೆ ನಿಧಾನ ಆಗ್ಬೇಕು, ಹಾಗೆ ನಿಧಾನ ಆಗಿದ್ದಕ್ಕೇ ಜೀನ್‌ಗಳನ್ನ ಆನ್ ಮಾಡೋ ಜಿಸಿಎನ್4 ಅನ್ನೋ ಒಂದು ಪ್ರೋಟೀನ್ ಮಾತ್ರ ಜಾಸ್ತಿ ತಯಾರಾಗ್ಬೇಕು. ಇಡೀ ಕಥೆ ನಿಂತಿರೋದೇ ಇದರ ಮೇಲೆ.

ಪ್ರಯೋಗ ಏನೂ ಕಷ್ಟದ್ದಲ್ಲ. ಸ್ಯಾಕರೋಮೈಸಿಸ್ ಸೆರೆವಿಸಿಯೆ, ಅಂದ್ರೆ ಬ್ರೆಡ್ಡಿಗೆ ಹಾಕೋ ಅದೇ ಯೀಸ್ಟ್. ಮೀಡಿಯಂನಲ್ಲಿ ಗ್ಲೂಕೋಸ್ ಇದೆ, ಅಮೋನಿಯಂ ಇದೆ, ವಿಟಮಿನ್ ಇದೆ, ಹಿಸ್ಟಿಡೀನ್ ಮಾತ್ರ ಹಾಕಿಲ್ಲ. ಕೋಶ ತನಗೆ ಬೇಕಾದ ಹಿಸ್ಟಿಡೀನ್ ತಾನೇ ಮಾಡ್ಕೊಂಡು ಆರಾಮಾಗಿ ಬೆಳೀತಿದೆ. ಅದಕ್ಕೆ 3-ಅಮಿನೋಟ್ರಯಾಜೋಲ್ ಹಾಕ್ತಾರೆ, ಲ್ಯಾಬ್‌ನಲ್ಲಿ ಎಲ್ಲರೂ 3-ಎಟಿ ಅಂತಾರೆ. ಇದು ಹಿಸ್ಟಿಡೀನ್ ತಯಾರಿಕೆಯ ನಡುವಿನ ಒಂದು ಹೆಜ್ಜೆ ಮಾಡೋ ಹಿಸ್3 ಎಂಜೈಮಿನ ಜಾಗಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಕಾಂಪಿಟಿಟಿವ್ ಇನ್‌ಹಿಬಿಟರ್, ಅಂದ್ರೆ ಎಂಜೈಮ್ ಜಾಸ್ತಿ ಇದ್ರೆ ಅದರ ಹಿಡಿತ ಸಡಿಲ ಆಗುತ್ತೆ, ಈ ಮಾತು ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ. ಒಂದು ಎಚ್ಚರಿಕೆ: ಬಹಳ ಲ್ಯಾಬ್‌ಗಳಲ್ಲಿ ಇರೋ ಬಿವೈ4741 ಥರದ ಸ್ಟ್ರೈನ್‌ಗಳಲ್ಲಿ ಹಿಸ್3 ಜೀನೇ ಕೆಟ್ಟಿರುತ್ತೆ, ಅದರ ಮೇಲೆ 3-ಎಟಿ ಹಾಕಿ ಈ ಪ್ರಯೋಗ ಮಾಡೋಕೆ ಹೋದ್ರೆ ಅರ್ಥ ಇಲ್ಲ, ಜೀನನ್ನ ವಾಪಸ್ ಹಾಕಿರೋ ಸ್ಟ್ರೈನೇ ಬೇಕು.

3-ಎಟಿ ಒಳಗೆ ಹೋಯ್ತು, ಹಿಸ್ಟಿಡೀನ್ ಇಳೀತು. ಈಗ ಕೋಶಕ್ಕೆ ಇದು ಗೊತ್ತಾಗೋದು ಹೇಗೆ? ಈ ದಾರಿ ನೇರವಾಗಿ ಹಿಸ್ಟಿಡೀನ್ ಅಣುಗಳನ್ನ ಎಣಿಸಲ್ಲ. ನೋಡೋದು ಟಿಆರ್‌ಎನ್‌ಎ ಕಡೆ. ಪ್ರತಿ ಅಮೈನೋ ಆಸಿಡ್ಡನ್ನ ಪ್ರೋಟೀನ್ ಕಟ್ಟೋ ಯಂತ್ರವಾದ ರೈಬೋಸೋಮಿಗೆ ಹೊತ್ಕೊಂಡು ಹೋಗೋಕೆ ಅದರದ್ದೇ ಟಿಆರ್‌ಎನ್‌ಎ ಇರುತ್ತಲ್ವಾ, ಹಿಸ್ಟಿಡೀನ್ ಸಿಗದಿದ್ರೆ ಅದರ ಟಿಆರ್‌ಎನ್‌ಎ ಖಾಲಿ ಕೈಯಲ್ಲಿ ಉಳಿದುಬಿಡುತ್ತೆ. ಈ ಖಾಲಿ ಟಿಆರ್‌ಎನ್‌ಎ ಜಾಸ್ತಿ ಆಗೋದೇ ಸಿಗ್ನಲ್. ನನ್ನ ಪ್ರಕಾರ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ, ಯಾಕಂದ್ರೆ ಕೋಶಕ್ಕೆ ಬೇಕಾಗಿರೋದು ಸ್ಟಾಕ್ ಎಷ್ಟಿದೆ ಅನ್ನೋ ಲೆಕ್ಕ ಅಲ್ಲ, ಪ್ರೋಟೀನ್ ತಯಾರಿಕೆಗೆ ಅದು ಸಾಕಾಗ್ತಿದೆಯಾ ಇಲ್ವಾ ಅನ್ನೋದು, ಅದಕ್ಕೆ ಟಿಆರ್‌ಎನ್‌ಎಗಿಂತ ನೇರ ಸಾಕ್ಷಿ ಬೇರೆ ಇಲ್ಲ.

ಖಾಲಿ ಟಿಆರ್‌ಎನ್‌ಎ ಹಿಡಿಯೋದು ಜಿಸಿಎನ್2 ಅನ್ನೋ ಕೈನೇಸ್, ಅಂದ್ರೆ ಬೇರೆ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸೋ ಎಂಜೈಮ್. 1989ರಲ್ಲಿ ಗೊತ್ತಾಗಿದ್ದು ಏನಂದ್ರೆ ಈ ಪ್ರೋಟೀನಿನ ಒಂದು ಭಾಗ ಹಿಸ್ಟಿಡಿಲ್ ಟಿಆರ್‌ಎನ್‌ಎ ಸಿಂಥೆಟೇಸ್ ಥರಾನೇ ಇದೆ, ಅಂದ್ರೆ ಟಿಆರ್‌ಎನ್‌ಎಗೆ ಹಿಸ್ಟಿಡೀನ್ ಅಂಟಿಸೋ ಎಂಜೈಮಿನ ಸಂಬಂಧಿ. ಆದ್ರೆ ಹಿಸ್ಟಿಡೀನ್ ಟಿಆರ್‌ಎನ್‌ಎ ಒಂದನ್ನೇ ಆರಿಸ್ಕೊಳ್ಳೋ ಗುಣ ಅದರಲ್ಲಿ ಉಳಿದಿಲ್ಲ, ಯಾವ ಖಾಲಿ ಟಿಆರ್‌ಎನ್‌ಎ ಬಂದ್ರೂ ಹಿಡ್ಕೊಳ್ಳುತ್ತೆ. ಮೊದಲು ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ತು: ಸಿಗ್ನಲ್ ಹಿಡಿಯೋ ಕಡೆಯಲ್ಲೇ ಯಾವ ಅಮೈನೋ ಆಸಿಡ್ ಕಮ್ಮಿ ಅನ್ನೋ ಮಾಹಿತಿ ಕಳೆದುಹೋಗುತ್ತೆ, ಉಳಿಯೋದು ಏನೋ ಒಂದು ಕಮ್ಮಿ ಇದೆ ಅನ್ನೋದು ಮಾತ್ರ. ಜಿಸಿಎನ್2 ಒಂಟಿಯಾಗಿ ಕೆಲಸ ಮಾಡಲ್ಲ, ರೈಬೋಸೋಮ್ ಮೇಲೆ ಕೂರೋ ಜಿಸಿಎನ್1, ಜಿಸಿಎನ್20 ಅನ್ನೋ ಎರಡು ಪ್ರೋಟೀನ್ ಅದರ ಜೊತೆ ಇರ್ಬೇಕು.

ಆನ್ ಆದ ಜಿಸಿಎನ್2 ಮಾಡೋದು ಒಂದೇ ಕೆಲಸ, ಇಐಎಫ್2 ಅನ್ನೋ ಫ್ಯಾಕ್ಟರಿನ ಆಲ್ಫಾ ಘಟಕದಲ್ಲಿ 51ನೇ ಜಾಗದ ಸೆರಿನ್ ಅನ್ನೋ ಅಮೈನೋ ಆಸಿಡ್‌ಗೆ ಒಂದು ಫಾಸ್ಫೇಟ್ ಅಂಟಿಸೋದು. ಇಐಎಫ್2 ಏನ್ಮಾಡುತ್ತೆ ಅಂದ್ರೆ ಜಿಟಿಪಿ ಅನ್ನೋ ಶಕ್ತಿ ಕೊಡೋ ಅಣುವಿನ ಜೊತೆ ಸೇರಿ, ಮೊದಲ ಮೆಥಿಯೋನೀನ್ ಹೊತ್ತ ಟಿಆರ್‌ಎನ್‌ಎಯನ್ನ ರೈಬೋಸೋಮಿನ ಸಣ್ಣ ಘಟಕಕ್ಕೆ ತಂದುಕೊಡುತ್ತೆ. ಈ ಮೂರೂ ಸೇರಿದ್ದನ್ನ ಟರ್ನರಿ ಕಾಂಪ್ಲೆಕ್ಸ್ ಅಂತಾರೆ, ಇದಿಲ್ದೆ ಯಾವ ಪ್ರೋಟೀನೂ ಶುರುವಾಗಲ್ಲ. ಕೆಲಸ ಮುಗಿದ ಮೇಲೆ ಇಐಎಫ್2 ಹತ್ರ ಖರ್ಚಾದ ಜಿಟಿಪಿ, ಅಂದ್ರೆ ಜಿಡಿಪಿ, ಉಳಿದಿರುತ್ತೆ, ಅದನ್ನ ಕಿತ್ತು ಹೊಸ ಜಿಟಿಪಿ ಹಾಕೋದು ಇಐಎಫ್2ಬಿ. ಫಾಸ್ಫೇಟ್ ಅಂಟಿದ ಇಐಎಫ್2 ಈ ಇಐಎಫ್2ಬಿಯನ್ನ ಬಿಗಿಯಾಗಿ ಹಿಡ್ಕೊಂಡು ಬಿಡುತ್ತೆ. ಇಐಎಫ್2ಬಿ ಕೋಶದಲ್ಲಿ ಇರೋದೇ ಕಮ್ಮಿ, ಹಾಗಾಗಿ ಇಐಎಫ್2ನಲ್ಲಿ ಒಂದು ಪಾಲಿಗೆ ಫಾಸ್ಫೇಟ್ ಅಂಟಿದ್ರೂ ಸಾಕು, ಟರ್ನರಿ ಕಾಂಪ್ಲೆಕ್ಸ್ ಕಡಿಮೆ ಆಗೋಕೆ ಶುರುವಾಗುತ್ತೆ. ಪ್ರೋಟೀನ್ ತಯಾರಿಕೆ ಒಟ್ಟಾರೆ ನಿಧಾನ ಆಗುತ್ತೆ, ಕೋಶಕ್ಕೆ ಇರೋ ಅಮೈನೋ ಆಸಿಡ್ ಉಳಿಯುತ್ತೆ.

ಇಲ್ಲಿ ತನಕ ಬರೀ ಉಳಿತಾಯದ ಕ್ರಮ. ಟ್ರಾನ್ಸ್‌ಕ್ರಿಪ್ಷನ್ ಮಾತೇ ಬಂದಿಲ್ಲ. ಅದು ಬರೋದು ಜಿಸಿಎನ್4 ಪ್ರೋಟೀನಿನ ಎಂಆರ್‌ಎನ್‌ಎ ಮೂಲಕ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಇಷ್ಟು ಚಂದದ ಮೆಕ್ಯಾನಿಸಂ ಜೀವಶಾಸ್ತ್ರದಲ್ಲಿ ಹೆಚ್ಚು ಕಡೆ ನೋಡೋಕೆ ಸಿಗಲ್ಲ.

ಯೀಸ್ಟ್‌ನಲ್ಲಿ ಬಹುತೇಕ ಎಂಆರ್‌ಎನ್‌ಎಗಳಿಗೆ ಮುಂಭಾಗದ ಲೀಡರ್, ಅಂದ್ರೆ ಪ್ರೋಟೀನಿನ ಕೋಡ್ ಶುರುವಾಗೋಕೆ ಮುಂಚಿನ ತುಂಡು, ತುಂಬಾ ಚಿಕ್ಕದು. ಜಿಸಿಎನ್4ರದ್ದು ಸುಮಾರು 590 ನ್ಯೂಕ್ಲಿಯೋಟೈಡ್ (ಎಂಆರ್‌ಎನ್‌ಎಯ ಒಂದೊಂದು ಅಕ್ಷರ), ಅದರೊಳಗೆ ನಾಲ್ಕು ಪುಟ್ಟ ಓದು-ಚೌಕಟ್ಟುಗಳಿವೆ, ಯುಒಆರ್‌ಎಫ್ ಅಂತಾರೆ, ಪ್ರತಿಯೊಂದೂ ಎರಡೋ ಮೂರೋ ಕೋಡಾನ್ (ಒಂದು ಅಮೈನೋ ಆಸಿಡ್ ಸೂಚಿಸೋ ಮೂರಕ್ಷರ) ಅಷ್ಟೇ. ರೈಬೋಸೋಮಿನ ಸಣ್ಣ ಘಟಕ, ಅಂದ್ರೆ 40ಎಸ್, ಎಂಆರ್‌ಎನ್‌ಎ ತುದಿಯಲ್ಲಿ ಹತ್ತಿ, ಸ್ಟಾರ್ಟ್ ಕೋಡಾನ್ ಹುಡುಕ್ತಾ ಮುಂದೆ ಸಾಗುತ್ತೆ. ಮೊದಲು ಸಿಗೋದು ಯುಒಆರ್‌ಎಫ್1, ಅಲ್ಲಿ ಪೂರ್ತಿ ರೈಬೋಸೋಮ್ ಕಟ್ಕೊಂಡು ಆ ಮೂರು ಕೋಡಾನ್ ಓದುತ್ತೆ, ಸ್ಟಾಪ್ ಬರುತ್ತೆ, ದೊಡ್ಡ ಘಟಕ ಬಿಟ್ಟುಹೋಗುತ್ತೆ. ಸಾಮಾನ್ಯವಾಗಿ ಸ್ಟಾಪ್ ಆದ್ಮೇಲೆ ಸಣ್ಣ ಘಟಕನೂ ಕಳಚಿ ಹೋಗ್ಬೇಕು. ಯುಒಆರ್‌ಎಫ್1ರಲ್ಲಿ ಮಾತ್ರ ಅರ್ಧದಷ್ಟು 40ಎಸ್‌ಗಳು ಎಂಆರ್‌ಎನ್‌ಎ ಬಿಡದೆ ಅಲ್ಲೇ ಉಳಿದು ಮತ್ತೆ ಮುಂದಕ್ಕೆ ಹೊರಡ್ತವೆ. ಆದ್ರೆ ಅವುಗಳ ಹತ್ರ ಈಗ ಟರ್ನರಿ ಕಾಂಪ್ಲೆಕ್ಸ್ ಇಲ್ಲ, ಮೊದಲನೇದು ಖರ್ಚಾಯ್ತು, ಹೊಸದು ದಾರೀಲಿ ಸಿಗ್ಬೇಕು. ಅದು ಸಿಗೋ ತನಕ ಎದುರಿಗೆ ಸ್ಟಾರ್ಟ್ ಕೋಡಾನ್ ಬಂದ್ರೂ ಗುರುತು ಹಿಡಿಯೋಕೆ ಆಗಲ್ಲ, ದಾಟ್ಕೊಂಡು ಹೋಗ್ತವೆ.

ಹೊಟ್ಟೆ ತುಂಬಿರೋ ಕೋಶದಲ್ಲಿ ಟರ್ನರಿ ಕಾಂಪ್ಲೆಕ್ಸ್ ಬೇಕಾದಷ್ಟಿದೆ. ಯುಒಆರ್‌ಎಫ್1ರಿಂದ ಯುಒಆರ್‌ಎಫ್4ರ ತನಕ ಸುಮಾರು 200 ನ್ಯೂಕ್ಲಿಯೋಟೈಡ್ ದೂರ, ಅಷ್ಟರೊಳಗೆ ಹತ್ರ ಹತ್ರ ಎಲ್ಲಾ 40ಎಸ್‌ಗಳಿಗೂ ಹೊಸ ಕಾಂಪ್ಲೆಕ್ಸ್ ಸಿಕ್ಕಿಬಿಡುತ್ತೆ, ಅವು ಯುಒಆರ್‌ಎಫ್3ರಲ್ಲೋ 4ರಲ್ಲೋ ಓದೋಕೆ ಶುರು ಮಾಡ್ತವೆ. ಯುಒಆರ್‌ಎಫ್4 ಅಂತೂ ಬಲೆ ಇದ್ದ ಹಾಗೆ, ಅಲ್ಲಿ ಸ್ಟಾಪ್ ಆದವು ಪೂರ್ತಿ ಕಳಚಿ ಬೀಳ್ತವೆ, ಮುಂದೆ ಹೋಗಲ್ಲ. ನಿಜವಾದ ಜಿಸಿಎನ್4 ಕೋಡಿಂಗ್ ಭಾಗ ಅಲ್ಲಿಂದ ಇನ್ನೂ ಸುಮಾರು 150 ನ್ಯೂಕ್ಲಿಯೋಟೈಡ್ ಆಚೆ ಇದೆ, ಅಲ್ಲಿಗೆ ಯಾರೂ ತಲುಪಲ್ಲ. ಎಂಆರ್‌ಎನ್‌ಎ ಇದೆ, ರೈಬೋಸೋಮ್ ಹತ್ತುತ್ತಿದೆ, ಪ್ರೋಟೀನ್ ಮಾತ್ರ ಬಹಳ ಕಮ್ಮಿ.

3-ಎಟಿ ಹಾಕಿದ ಕೋಶದಲ್ಲಿ ಟರ್ನರಿ ಕಾಂಪ್ಲೆಕ್ಸ್ ವಿರಳ. ಅದೇ 40ಎಸ್ ಅದೇ ವೇಗದಲ್ಲಿ ಹೋಗುತ್ತೆ, ಆದ್ರೆ ಯುಒಆರ್‌ಎಫ್4 ಬರೋ ಹೊತ್ತಿಗೆ ಸುಮಾರು ಅರ್ಧದಷ್ಟಕ್ಕೆ ಹೊಸ ಕಾಂಪ್ಲೆಕ್ಸ್ ಇನ್ನೂ ಸಿಕ್ಕಿರಲ್ಲ, ಅವು ಬಲೆ ದಾಟ್ಕೊಂಡು ಹೋಗ್ತವೆ, ಆಚೆಯ 150 ನ್ಯೂಕ್ಲಿಯೋಟೈಡ್ ಸಾಗೋವಾಗ ಕಾಂಪ್ಲೆಕ್ಸ್ ಸಿಗುತ್ತೆ, ಸರಿಯಾಗಿ ಜಿಸಿಎನ್4ರ ಸ್ಟಾರ್ಟ್‌ನಲ್ಲಿ ಕೆಲಸ ಶುರು. ತಡ ಆಗಿದ್ದೇ ಲಾಭ ಆಯ್ತು. ಕೋಶದ ಬೇರೆ ಪ್ರೋಟೀನ್‌ಗಳು ಇಳೀತಿರೋವಾಗ ಇದೊಂದು ಹಲವು ಪಟ್ಟು ಏರುತ್ತೆ.

ಇದು ಬರೀ ಚಂದದ ಕಥೆ ಅಲ್ಲ, ಒಂದೊಂದು ಹೆಜ್ಜೆಯನ್ನೂ ಮುರಿದು ನೋಡಿದಾರೆ. ನಾಲ್ಕೂ ಯುಒಆರ್‌ಎಫ್‌ಗಳ ಸ್ಟಾರ್ಟ್ ಕೋಡಾನ್ ಕೆಡಿಸಿದ್ರೆ ಹಸಿವು ಇರಲಿ ಬಿಡಲಿ ಜಿಸಿಎನ್4 ಸದಾ ಜಾಸ್ತಿ. ಯುಒಆರ್‌ಎಫ್4 ಒಂದನ್ನೇ ಇಟ್ಟು ಉಳಿದದ್ದು ತೆಗೆದ್ರೆ ಸದಾ ಬಂದ್. 1 ಮತ್ತು 4 ಇಟ್ರೆ ಸಾಕು, ಹತ್ರ ಹತ್ರ ಪೂರ್ತಿ ನಿಯಂತ್ರಣ ವಾಪಸ್ ಬರುತ್ತೆ. ಯುಒಆರ್‌ಎಫ್1 ಮತ್ತು 4ರ ನಡುವಿನ ದೂರ ಉದ್ದ ಮಾಡಿದ್ರೆ, ಹಸಿದ ಕೋಶದಲ್ಲೂ 40ಎಸ್‌ಗೆ ಕಾಂಪ್ಲೆಕ್ಸ್ ಹಿಡಿಯೋಕೆ ಟೈಮ್ ಸಿಕ್ಕಿ ಅದು ಬಲೆಗೆ ಬೀಳುತ್ತೆ, ಜಿಸಿಎನ್4 ಏರಲ್ಲ. ಈ ಕೊನೇ ಪ್ರಯೋಗ ನನಗೆ ಬಹಳ ಇಷ್ಟ, ಸೀಕ್ವೆನ್ಸ್‌ನಲ್ಲಿ ಏನು ಬರೆದಿದೆ ಅನ್ನೋದಕ್ಕಿಂತ ಎಷ್ಟು ದೂರ ಇದೆ ಅನ್ನೋದೇ ಅಳತೆಗೋಲು ಅಂತ ಅದು ತೋರಿಸಿಕೊಡುತ್ತೆ. ಹಾಗಂತ ಸೀಕ್ವೆನ್ಸ್‌ಗೆ ಬೆಲೆ ಇಲ್ಲ ಅಂತಲ್ಲ, ಯುಒಆರ್‌ಎಫ್4ರ ಕೊನೆಯ ಕೋಡಾನ್ ಮತ್ತು ಸ್ಟಾಪ್ ಆದ್ಮೇಲಿನ ಹತ್ತು ನ್ಯೂಕ್ಲಿಯೋಟೈಡ್ ತಂದು ಯುಒಆರ್‌ಎಫ್1ರಲ್ಲಿ ಹಾಕಿದ್ರೆ ಅದೂ ಬಲೆ ಆಗ್ಬಿಡುತ್ತೆ.

ಇದನ್ನ ಕಂಡುಹಿಡಿದ ರೀತಿನೂ ಹೇಳ್ಬೇಕು. ಎಲ್ಲಾ ಶುರುವಾಗಿದ್ದು ಮ್ಯುಟೆಂಟ್‌ಗಳಿಂದ, ಅಂದ್ರೆ ಯಾವುದೋ ಜೀನ್ ಬದಲಾದ ಯೀಸ್ಟ್‌ಗಳಿಂದ. ಒಂದು ಗುಂಪು ಜಿಸಿಎನ್, ಇವು ಕೊರತೆ ಬಂದ್ರೂ ಜೀನ್ ಏರಿಸಲ್ಲ, 3-ಎಟಿ ಇದ್ರೆ ಬೆಳೆಯಲ್ಲ. ಇನ್ನೊಂದು ಗುಂಪು ಜಿಸಿಡಿ, ಇವುಗಳಲ್ಲಿ ಕೊರತೆ ಇಲ್ಲದಿದ್ರೂ ಜೀನ್‌ಗಳು ಸದಾ ಏರಿರ್ತವೆ, ಬೆಳವಣಿಗೆ ಮಾತ್ರ ನಿಧಾನ. ಎರಡೆರಡು ಮ್ಯುಟೇಷನ್ ಒಟ್ಟಿಗೆ ಸೇರಿಸಿ ಯಾವುದರ ಗುಣ ಉಳಿಯುತ್ತೆ ಅಂತ ನೋಡ್ತಾ ನೋಡ್ತಾ, ಜಿಸಿಎನ್2 ಮೊದಲು, ಆಮೇಲೆ ಜಿಸಿಡಿ ಗುಂಪು, ಕೊನೆಗೆ ಜಿಸಿಎನ್4 ಅನ್ನೋ ಸಾಲು ಸಿಕ್ತು, ಪ್ರೋಟೀನ್‌ಗಳು ಏನು ಅಂತ ಗೊತ್ತಾಗೋಕೂ ಮುಂಚೆ! 1984ರಲ್ಲಿ ಅಲನ್ ಹಿನ್ನೆಬುಶ್ ಒಂದು ಕಡೆ, ಥಿರಿಯೋಸ್ ಮತ್ತು ಸಂಗಡಿಗರು ಇನ್ನೊಂದು ಕಡೆ, ಜಿಸಿಎನ್4 ನಿಯಂತ್ರಣ ನಡೆಯೋದು ಟ್ರಾನ್ಸ್‌ಲೇಷನ್, ಅಂದ್ರೆ ಎಂಆರ್‌ಎನ್‌ಎ ಓದಿ ಪ್ರೋಟೀನ್ ಕಟ್ಟೋ ಮಟ್ಟದಲ್ಲಿ ಅಂತ ತೋರಿಸಿದ್ರು. ಜಿಸಿಡಿ ಗುಂಪಿನ ಹಲವು ಜೀನ್‌ಗಳು ಇಐಎಫ್2ಬಿಯ ಘಟಕಗಳೇ ಅಂತ ಆಮೇಲೆ ಗೊತ್ತಾಯ್ತು, ಅವು ಯಾಕೆ ನಿಧಾನ ಬೆಳೀತಿದ್ವು ಅನ್ನೋದಕ್ಕೂ ಅಲ್ಲೇ ಉತ್ತರ ಸಿಕ್ತು. 1992ರಲ್ಲಿ ಜಿಸಿಎನ್2 ಫಾಸ್ಫೇಟ್ ಅಂಟಿಸೋದು ಇಐಎಫ್2ಗೇ ಅಂತ ಖಚಿತ ಆಯ್ತು, 51ನೇ ಸೆರಿನ್ ತೆಗೆದು ಅಲನೀನ್ ಹಾಕಿದ ಯೀಸ್ಟ್ 3-ಎಟಿ ಮೇಲೆ ಬೆಳೀಲಿಲ್ಲ. ಒಂದೇ ಒಂದು ಅಮೈನೋ ಆಸಿಡ್ ಬದಲಾವಣೆ, ಇಡೀ ದಾರಿ ಬಂದ್.

ಜಿಸಿಎನ್4 ತಯಾರಾದ್ರೆ ಸಾಲದು, ಉಳೀಬೇಕು. ಸಾಮಾನ್ಯ ಕೋಶದಲ್ಲಿ ಈ ಪ್ರೋಟೀನ್ ಐದು ನಿಮಿಷದಲ್ಲಿ ಅರ್ಧ ಮಾಯ ಆಗುತ್ತೆ. ಪಿಎಚ್‌ಒ85 ಅನ್ನೋ ಕೈನೇಸ್ ಪಿಸಿಎಲ್5 ಅನ್ನೋ ಸೈಕ್ಲಿನ್ (ಕೈನೇಸಿನ ಜೋಡಿ ಪ್ರೋಟೀನ್) ಜೊತೆ ಸೇರಿ ಅದಕ್ಕೆ ಗುರುತು ಹಾಕುತ್ತೆ, ನಾಶದ ಚೀಟಿಯಂಥ ಯುಬಿಕ್ವಿಟಿನ್ ಅಂಟುತ್ತೆ, ಪ್ರೋಟೀನ್ ನಾಶ ಮಾಡೋ ಯಂತ್ರ ಪ್ರೋಟಿಯಾಸೋಮ್ ಕತ್ತರಿಸುತ್ತೆ. ಪಿಸಿಎಲ್5 ಸ್ವತಃ ಇನ್ನೂ ಅಲ್ಪಾಯುಷಿ, ಸದಾ ಹೊಸದಾಗಿ ತಯಾರಾಗ್ತಾ ಇದ್ರೆ ಮಾತ್ರ ಇರುತ್ತೆ. ಹಸಿವಲ್ಲಿ ಪ್ರೋಟೀನ್ ತಯಾರಿಕೆ ನಿಧಾನ ಆಯ್ತಲ್ಲ, ಪಿಸಿಎಲ್5 ಮೊದಲು ಖಾಲಿ ಆಗುತ್ತೆ, ಜಿಸಿಎನ್4 ಕತ್ತರಿಸೋರು ಯಾರೂ ಇಲ್ಲದೆ ಉಳ್ಕೊಳ್ಳುತ್ತೆ. ಹೆಚ್ಚಾಗಿ ತಯಾರಾಗೋದು, ನಿಧಾನವಾಗಿ ನಾಶ ಆಗೋದು, ಎರಡೂ ಹುಟ್ಟಿದ್ದು ಒಂದೇ ಕಾರಣದಿಂದ. ಇಷ್ಟು ಅಚ್ಚುಕಟ್ಟಾಗಿ ಎರಡು ದಾರಿ ಒಂದೇ ಕಡೆ ತಳ್ಳೋದು ನೋಡಿದ್ರೆ ಮೈ ಜುಂ ಅನ್ನುತ್ತೆ.

ಇನ್ನು ನ್ಯೂಕ್ಲಿಯಸ್ ಒಳಗೆ. ಜಿಸಿಎನ್4 ಚಿಕ್ಕ ಪ್ರೋಟೀನ್, 281 ಅಮೈನೋ ಆಸಿಡ್. ಕೊನೆಯ ಅರವತ್ತರಷ್ಟು ಡಿಎನ್‌ಎ ಹಿಡಿಯೋ ಭಾಗ ಅಂತ 1986ರಲ್ಲಿ ಹೋಪ್ ಮತ್ತು ಸ್ಟ್ರೂಲ್ ತೋರಿಸಿದ್ರು. ಎರಡು ಜಿಸಿಎನ್4 ಲ್ಯೂಸೀನ್ ಜಿಪ್ಪರ್ ಮೂಲಕ ಹೆಣೆದುಕೊಂಡು ಟಿಜಿಎಸಿಟಿಸಿಎ ಅನ್ನೋ ಏಳಕ್ಷರದ ಜಾಗವನ್ನ ಎರಡೂ ಕಡೆಯಿಂದ ಹಿಡೀತವೆ, ಹಿಸ್3, ಹಿಸ್4, ಆರ್ಗ್1 ಥರದ ಜೀನ್‌ಗಳ ಮುಂದಿನ ಸ್ವಿಚ್ ಭಾಗವಾದ ಪ್ರಮೋಟರ್‌ನಲ್ಲಿ ಈ ಅಕ್ಷರಗಳು ಅಥವಾ ಹತ್ರದ ರೂಪ ಇರುತ್ತೆ. ಯಾವ ಅಮೈನೋ ಆಸಿಡ್ಡಿನ ಜೀನ್ ಆದ್ರೂ ಇದೇ ಏಳಕ್ಷರ, ಮೊದಲ ಪ್ರಶ್ನೆಗೆ ಉಳಿದ ಅರ್ಧ ಉತ್ತರ ಇದು. ಪ್ರೋಟೀನಿನ ಮುಂದಿನ ಭಾಗಕ್ಕೆ ಗಟ್ಟಿ ಆಕಾರನೇ ಇಲ್ಲ, ಸಡಿಲವಾಗಿ ಅಲ್ಲಾಡ್ತಿರುತ್ತೆ, ಜೀನ್ ಓದೋ ಯಂತ್ರಕ್ಕೆ ಸುದ್ದಿ ಮುಟ್ಟಿಸೋ ಮೀಡಿಯೇಟರ್ ಕಾಂಪ್ಲೆಕ್ಸ್‌ನ ಮೆಡ್15 ಜೊತೆ ಸೇರೋವಾಗಲೂ ಒಂದೇ ಭಂಗಿಯಲ್ಲಿ ಕೂರಲ್ಲ, ಹಲವು ರೀತಿಯಲ್ಲಿ ತಾಗ್ತಾ ಬಿಡ್ತಾ ಇರುತ್ತೆ, ಆದ್ರೂ ಕೆಲಸ ಆಗುತ್ತೆ. ಮೀಡಿಯೇಟರ್ ಜೊತೆಗೆ ಸಾಗಾ, ಎಸ್‌ಡಬ್ಲ್ಯುಐ-ಎಸ್‌ಎನ್‌ಎಫ್ ಅನ್ನೋ ದೊಡ್ಡ ಕಾಂಪ್ಲೆಕ್ಸ್‌ಗಳೂ ಬರ್ತವೆ, ನ್ಯೂಕ್ಲಿಯೋಸೋಮ್ (ಹಿಸ್ಟೋನ್ ಪ್ರೋಟೀನಿಗೆ ಡಿಎನ್‌ಎ ಸುತ್ತಿದ ಉಂಡೆ) ಸರಿಸ್ತವೆ, ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸ್ತವೆ, ಎಂಆರ್‌ಎನ್‌ಎ ನಕಲು ತೆಗೆಯೋ ಎಂಜೈಮ್ ಆರ್‌ಎನ್‌ಎ ಪಾಲಿಮರೇಸ್ 2 ಬಂದು ಓದೋಕೆ ಶುರು ಮಾಡುತ್ತೆ.

ಸಾಗಾದಲ್ಲಿ ಅಸಿಟೈಲ್ ಅಂಟಿಸೋ ಎಂಜೈಮಿನ ಹೆಸರು ಜಿಸಿಎನ್5. ಹೌದು, ಅದೇ ಮ್ಯುಟೆಂಟ್ ಗುಂಪಿಂದ ಬಂದಿದ್ದು. ವರ್ಷಗಟ್ಟಲೆ ಅದನ್ನ ಜಿಸಿಎನ್4ರ ಸಹಾಯಕ ಅಂತಷ್ಟೇ ತಿಳ್ಕೊಂಡಿದ್ರು. 1996ರಲ್ಲಿ ಡೇವಿಡ್ ಆಲಿಸ್ ಲ್ಯಾಬ್‌ನವರು ಟೆಟ್ರಾಹೈಮೆನಾ ಅನ್ನೋ ಬೇರೆಯದೇ ಜೀವಿಯಿಂದ ಹಿಸ್ಟೋನ್ ಅಸಿಟೈಲ್ ಟ್ರಾನ್ಸ್‌ಫರೇಸ್ ಶುದ್ಧ ಮಾಡಿ ನೋಡಿದ್ರೆ ಅದು ಯೀಸ್ಟ್ ಜಿಸಿಎನ್5ಗೇ ಹೊಂದ್ತು. ಹಿಸ್ಟೋನ್ ಅಸಿಟೈಲೇಷನ್ ಜೀನ್ ಆನ್ ಆಗೋದಕ್ಕೆ ನೇರ ಸಂಬಂಧ ಅಂತ ಎಲ್ಲರೂ ಒಪ್ಪೋಕೆ ಶುರು ಮಾಡಿದ್ದು ಆಗಿನಿಂದ.

ಎಷ್ಟು ಜೀನ್ ಏರ್ತವೆ? 2001ರ ಮೈಕ್ರೋಅರೇ (ಸಾವಿರಾರು ಜೀನ್‌ಗಳ ಎಂಆರ್‌ಎನ್‌ಎ ಒಟ್ಟಿಗೆ ಅಳೆಯೋ ವಿಧಾನ) ಅಧ್ಯಯನದಲ್ಲಿ ಜಿಸಿಎನ್4 ಅವಲಂಬಿಸಿ ಏರಿದ್ದು ಐನೂರಕ್ಕೂ ಹೆಚ್ಚು ಜೀನ್, ಯೀಸ್ಟ್‌ನಲ್ಲಿ ಇರೋದೇ ಸುಮಾರು 6000, ಅಂದ್ರೆ ಹತ್ತರಲ್ಲಿ ಒಂದು ಪಾಲು ಹತ್ರ ಹತ್ರ. ಇವೆಲ್ಲಾ ನೇರ ಟಾರ್ಗೆಟ್ ಅಲ್ಲ, ಜಿಸಿಎನ್4 ಏರಿಸಿದ ಬೇರೆ ಫ್ಯಾಕ್ಟರ್‌ಗಳ ಮೂಲಕ ಬಂದವೂ ಇವೆ. ಇನ್ನೊಂದು ಕಡೆ ರೈಬೋಸೋಮ್ ಪ್ರೋಟೀನ್ ಜೀನ್‌ಗಳು ಇಳೀತವೆ. ಜೋರಾಗಿ ಬೆಳೆಯೋ ಕೋಶ ನಿಮಿಷಕ್ಕೆ ಸುಮಾರು 2000 ರೈಬೋಸೋಮ್ ಕಟ್ಟುತ್ತೆ, ಅದಕ್ಕೆ ಹೋಗೋ ಖರ್ಚು ನೋಡಿದ್ರೆ ಕೊರತೆ ಬಂದಾಗ ಮೊದಲು ಕಡಿತ ಅಲ್ಲೇ ಬೀಳೋದು ಸಹಜ. ಆ ಕಡೆಯ ಮುಖ್ಯ ನಿಯಂತ್ರಣ ಟಾರ್ ಅನ್ನೋ ಕೈನೇಸಿನ ದಾರಿ, ಅದೇ ಇನ್ನೊಂದು ದೊಡ್ಡ ಪ್ರಕರಣ.

ಹಾಗಾದ್ರೆ ಬೇರೆ ಕೊರತೆಗೂ ಇದೇ ದಾರಿನಾ? ಅಲ್ಲ. ಗ್ಲೂಕೋಸ್ ಇಳಿದ್ರೆ ಎಸ್‌ಎನ್‌ಎಫ್1 ಕೈನೇಸ್ ಮಿಗ್1 ಅನ್ನೋ ರಿಪ್ರೆಸರ್‌ಗೆ (ಜೀನ್ ಆಫ್ ಇಡೋ ಪ್ರೋಟೀನ್) ಫಾಸ್ಫೇಟ್ ಹಾಕಿ ನ್ಯೂಕ್ಲಿಯಸ್‌ನಿಂದ ಆಚೆ ಕಳಿಸುತ್ತೆ. ಫಾಸ್ಫೇಟ್ ಕಮ್ಮಿಯಾದ್ರೆ ಜೀನ್ ಆನ್ ಮಾಡೋ ಪಿಎಚ್‌ಒ4 ಅನ್ನೋ ಪ್ರೋಟೀನ್ ನ್ಯೂಕ್ಲಿಯಸ್ ಒಳಗೆ ಬರುತ್ತೆ, ಅದನ್ನ ಅಲ್ಲಿ ತನಕ ಆಚೆ ಇಟ್ಟಿದ್ದು ಮೇಲೆ ಹೇಳಿದ ಅದೇ ಪಿಎಚ್‌ಒ85, ಸೈಕ್ಲಿನ್ ಮಾತ್ರ ಬೇರೆ, ಪಿಎಚ್‌ಒ80. ಈ ಎರಡರಲ್ಲೂ ಮೊದಲೇ ತಯಾರಿರೋ ಪ್ರೋಟೀನ್ ಜಾಗ ಬದಲಿಸುತ್ತೆ, ಜಿಸಿಎನ್4ರದ್ದು ಹೊಸದಾಗಿ ತಯಾರಾಗೋ ದಾರಿ. ಮತ್ತೆ ಅಮೈನೋ ಆಸಿಡ್‌ಗಳಲ್ಲೂ ಒಂದೊಂದಕ್ಕೇ ಮೀಸಲಾದ ನಿಯಂತ್ರಣ ಇದೆ, ಲ್ಯೂಸೀನ್ ದಾರಿಗೆ ಲ್ಯೂ3 ಅಂತ, ಅದು ಆ ದಾರಿಯ ಮಧ್ಯದ ಅಣುವನ್ನೇ ನೋಡಿ ಕೆಲಸ ಮಾಡುತ್ತೆ. ಹಾಗಾಗಿ ಜಿಸಿಎನ್4 ಎಲ್ಲವನ್ನೂ ಒಟ್ಟಿಗೆ ಏರಿಸೋದನ್ನ ದಂಡ ಖರ್ಚು ಅಂತ ನಾನಂತೂ ಹೇಳಲ್ಲ, ಹೊರಗಡೆ ಒಂದು ಅಮೈನೋ ಆಸಿಡ್ ಖಾಲಿಯಾಗೋ ಪರಿಸರದಲ್ಲಿ ಉಳಿದವೂ ಖಾಲಿಯಾಗೋ ಸಾಧ್ಯತೆ ಜಾಸ್ತಿ, ಹಿಸ್ಟಿಡೀನ್ ಒಂದೇ ಕಡಿಮೆ ಮಾಡೋ 3-ಎಟಿ ಅನ್ನೋದು ಲ್ಯಾಬ್‌ನಲ್ಲಿ ನಾವು ಸೃಷ್ಟಿ ಮಾಡಿದ ಪರಿಸ್ಥಿತಿ.

ಡೇಟಾ ನೋಡೋರಿಗೆ ಒಂದು ಮಾತು. ಆರ್‌ಎನ್‌ಎ ಸೀಕ್ವೆನ್ಸಿಂಗ್ ಟೇಬಲ್‌ನಲ್ಲಿ (ಯಾವ ಜೀನಿನ ಎಂಆರ್‌ಎನ್‌ಎ ಎಷ್ಟಿದೆ ಅನ್ನೋ ಪಟ್ಟಿ) ಜಿಸಿಎನ್4 ಸಾಲು ಹುಡುಕಿ, ಅದು ಹೆಚ್ಚೇನೂ ಏರಿಲ್ಲ, ಹಾಗಾಗಿ ಈ ದಾರಿ ಆನ್ ಆಗಿಲ್ಲ ಅಂತ ತೀರ್ಮಾನ ಮಾಡ್ಬೇಡಿ. ಆ ಎಂಆರ್‌ಎನ್‌ಎ ಹೆಚ್ಚು ಬದಲಾಗದೇ ಪ್ರೋಟೀನ್ ಏರೋದೇ ಇದರ ಸ್ವಭಾವ. ನೋಡ್ಬೇಕಾದ್ದು ಹಿಸ್4, ಆರ್ಗ್1 ಥರದ ಟಾರ್ಗೆಟ್ ಜೀನ್‌ಗಳು, ಇಲ್ಲಾ 51ನೇ ಸೆರಿನ್ ಫಾಸ್ಫೇಟ್ ಹಿಡಿಯೋ ಆಂಟಿಬಾಡಿ ಬ್ಲಾಟ್, ಇಲ್ಲಾ ಲೀಡರ್ ಸಮೇತ ಇರೋ ಲ್ಯಾಕ್‌ಜಡ್ ರಿಪೋರ್ಟರ್, ಅಂದ್ರೆ ಎಷ್ಟು ಪ್ರೋಟೀನ್ ತಯಾರಾಯ್ತು ಅಂತ ಸುಲಭವಾಗಿ ಅಳೆಯೋಕೆ ಜೋಡಿಸೋ ಜೀನ್. ಲೀಡರ್ ತೆಗೆದು ಹಾಕಿದ ರಿಪೋರ್ಟರ್ ಇಟ್ಕೊಂಡ್ರೆ ಅಸಲಿ ನಿಯಂತ್ರಣವನ್ನೇ ಬಿಸಾಕಿದ ಹಾಗೆ. ಮನುಷ್ಯರ ಕೋಶದಲ್ಲೂ ಜಿಸಿಎನ್2 ಇದೆ, ಅದೇ 51ನೇ ಸೆರಿನ್, ಕೊನೆಗೆ ಏರೋದು ಜೀನ್ ಆನ್ ಮಾಡೋ ಎಟಿಎಫ್4 ಅನ್ನೋ ಪ್ರೋಟೀನ್, ಅದರ ಎಂಆರ್‌ಎನ್‌ಎ ಲೀಡರ್‌ನಲ್ಲೂ ಇದೇ ಥರದ ಯುಒಆರ್‌ಎಫ್ ಆಟ, ನಾಲ್ಕರ ಬದಲು ಎರಡು. ಅಲ್ಲಿಗೂ ಈ ಎಚ್ಚರಿಕೆ ಹಾಗೇ ಅನ್ವಯ ಆಗುತ್ತೆ.

ಪ್ರಯೋಗದ ಕೊನೇ ಭಾಗ. ಜಿಸಿಎನ್4 ಹಿಸ್3 ಜೀನನ್ನೂ ಏರಿಸಿತ್ತಲ್ಲ, ಎಂಜೈಮ್ ಜಾಸ್ತಿ ಆಯ್ತು, 3-ಎಟಿ ಹಿಡಿತ ಸಡಿಲ ಆಯ್ತು, ಹಿಸ್ಟಿಡೀನ್ ಮತ್ತೆ ತಯಾರಾಗೋಕೆ ಶುರು, ಮಾಮೂಲಿ ಸ್ಟ್ರೈನ್ ನಿಧಾನವಾಗಿ ಆದ್ರೂ ಬೆಳೆಯುತ್ತೆ, ಜಿಸಿಎನ್2 ಅಥವಾ ಜಿಸಿಎನ್4 ಇಲ್ಲದ ಸ್ಟ್ರೈನ್ ಅದೇ ಪ್ಲೇಟ್‌ನಲ್ಲಿ ಬೆಳೆಯಲ್ಲ. ಈಗ ಮಾಮೂಲಿ ಸ್ಟ್ರೈನ್‌ಗೆ ಹೊರಗಿಂದ ಹಿಸ್ಟಿಡೀನ್ ಕೊಟ್ರೆ ಟಿಆರ್‌ಎನ್‌ಎಗಳು ತುಂಬ್ಕೊಳ್ತವೆ, ಜಿಸಿಎನ್2 ಆಫ್ ಆಗುತ್ತೆ, ಜಿಎಲ್‌ಸಿ7 ಅನ್ನೋ ಫಾಸ್ಫಟೇಸ್ ಇಐಎಫ್2 ಮೇಲಿನ ಫಾಸ್ಫೇಟ್ ತೆಗೆಯುತ್ತೆ, 40ಎಸ್‌ಗಳು ಮತ್ತೆ ಯುಒಆರ್‌ಎಫ್4ರಲ್ಲಿ ಬೀಳೋಕೆ ಶುರು, ಪಿಸಿಎಲ್5 ವಾಪಸ್ ಬರುತ್ತೆ, ಇದ್ದ ಜಿಸಿಎನ್4 ನಿಮಿಷಗಳಲ್ಲಿ ಕರಗುತ್ತೆ. ಅದು ಆನ್ ಮಾಡಿದ ಜೀನ್‌ಗಳ ಎಂಆರ್‌ಎನ್‌ಎಗಳೂ ಬೇಗ ಇಳೀತವೆ. ಆದ್ರೆ ಅಷ್ಟರೊಳಗೆ ತಯಾರಾದ ಎಂಜೈಮ್‌ಗಳಲ್ಲಿ ಗಟ್ಟಿಯಾಗಿ ಉಳಿಯೋವು ಜಿಸಿಎನ್4 ಥರ ತಕ್ಷಣ ಹೋಗಲ್ಲ, ಕೋಶ ಒಡೆದು ಎರಡಾಗ್ತಾ ಹೋದ ಹಾಗೆ ಪ್ರತಿ ತಲೆಮಾರಲ್ಲೂ ಅರ್ಧರ್ಧ ಹಂಚಿಹೋಗಿ ಹಳೇ ಮಟ್ಟಕ್ಕೆ ಬರ್ತವೆ.